ಒಣಗಿದ ಹಲ್ಲಿನ ಬಣ್ಣ

ನಮ್ಮಕ್ಕ ಹಲ್ಲಿನ ಡಾಕ್ಟರು. ನಾನು ಅವಳ ಕ್ಲಿನಿಕ್ಕಿನಲ್ಲೇ ಸಹಾಯಕಿ. ಎಂಜಲು ಹೀರುವ ಕೊಳವೆ ಹಿಡಿಯುವುದು, ಹತ್ತಿ ಎತ್ತಿಕೊಡುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಮುರಿದ ಹಲ್ಲಿಗೆ ಅವಳು ಹಲ್ಲಿನ ಬಣ್ಣದ ಸಿಮೆಂಟು ತುಂಬಿದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಗುರುತು ಸಿಗುವುದಿಲ್ಲ. ಒಳಗೆ ಮಂದ ಹಳದಿಯ ಪದರ, ಮೇಲೆ ಬೆಳಕು ಹಾಯುವ ತೆಳು ಪದರ, ಅಂಚಿಗೆ ಚೂರೇ ಚೂರು ನೀಲಿ ಛಾಯೆ. ಎಲ್ಲ ಅಳತೆಯೂ ಅವಳ ಕಣ್ಣಲ್ಲೇ ಇತ್ತು.

ಬಣ್ಣವನ್ನು ಅವಳು ಎಲ್ಲಕ್ಕಿಂತ ಮೊದಲು ಆರಿಸುತ್ತಿದ್ದಳು, ಹಲ್ಲು ಎಂಜಲಿನಲ್ಲಿ ಒದ್ದೆಯಾಗಿರುವಾಗ, ಕಿಟಕಿಯ ಬೆಳಕಿನಲ್ಲಿ. ಬಾಯಿ ತೆರೆದು ಹತ್ತಿ ತುರುಕಿದರೆ ಹಲ್ಲು ಒಣಗಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಆಗ ಆರಿಸಿದ ಬಣ್ಣ ಆ ಹೊತ್ತಿಗೆ ಚೆನ್ನಾಗಿಯೇ ಹೊಂದುತ್ತದೆ. ಮರುದಿನ ಹಲ್ಲು ಮತ್ತೆ ತನ್ನ ಹಳದಿಗೆ ಮರಳುತ್ತದೆ, ತುಂಬಿದ ಚೂರು ಮಾತ್ರ ಬಿಳಿಯಾಗಿ ಎದ್ದು ಕಾಣುತ್ತದೆ. ಒಮ್ಮೆ ನಾನು ಹಲ್ಲಿನ ಪಕ್ಕ ಹಿಡಿದು ಹೋಲಿಸುವ ಬಣ್ಣದ ಪಟ್ಟಿಯನ್ನು ತಡವಾಗಿ ಕೊಟ್ಟಿದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದಳು. ಮೂಗಿನ ತುದಿಯಲ್ಲೇ ಕೋಪ ಅವಳಿಗೆ.

ಆ ಗಂಡ ಹೆಂಡತಿ ಎರಡನೆಯ ಸಲ ಬಂದದ್ದು ಒಂದು ಶನಿವಾರ. ಮೊದಲ ಸಲ ಹೆಂಡತಿಯ ಮುಂದಿನ ಹಲ್ಲಿನ ಮೂಲೆ ಹಾರಿತ್ತು. ಮೆಟ್ಟಿಲಿಂದ ಬಿದ್ದಳೆಂದು ಅವನು ಹೇಳಿದ್ದ, ನಾವು ನಂಬಿದ್ದೆವು. ಈಗ ಪಕ್ಕದ ಹಲ್ಲು ಅರ್ಧಕ್ಕೆ ಮುರಿದಿತ್ತು. ಕುರ್ಚಿಯಲ್ಲಿ ಒರಗಿದಾಗ ಅವಳ ಕುತ್ತಿಗೆಯ ಬಟ್ಟೆ ಸರಿಯಿತು. ಅಲ್ಲಿ ಬೆರಳಿನ ಗುರುತುಗಳಿದ್ದವು.

"ಬಾತ್‌ರೂಮಲ್ಲಿ ಜಾರಿಬಿಟ್ಲು," ಎಂದ ಗಂಡ. ಅವಳು ಬಟ್ಟೆಯನ್ನು ಮತ್ತೆ ಕುತ್ತಿಗೆಗೆ ಎಳೆದುಕೊಂಡಳು.

"ನೀವು ಹೊರಗೆ ಕೂತಿರಿ," ಎಂದಳು ಅಕ್ಕ.

"ಇಲ್ಲೇ ಇರ್ತೀನಿ ಡಾಕ್ಟ್ರೇ, ಒಬ್ಳೇ ಇದ್ರೆ ಹೆದರ್ಕೋತಾಳೆ." ಬೆಣ್ಣೆಯಂಥ ಮಾತು. "ನಾಳೆ ನಮ್ಮತ್ತೆ ಬರ್ತಿದ್ದಾರೆ. ಗೊತ್ತೇ ಆಗ್ಬಾರ್ದು. ಹೋದ್ಸಲ ಹೆತ್ತ ತಾಯಿಗೇ ಗೊತ್ತಾಗ್ಲಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ರಿ."

ನನ್ನ ಮೈ ಉರಿಯಿತು. ಅಕ್ಕನ ಮುಖ ಕಪ್ಪಿಟ್ಟಿತು. ಇಷ್ಟು ದಿನ ಹೆಮ್ಮೆಪಟ್ಟುಕೊಂಡಿದ್ದ ಕೈಚಳಕವೇ ಇವನ ಪಾಪಕ್ಕೆ ಮುಚ್ಚಳವಾಗಿತ್ತು.

ನಾನು ಬಣ್ಣದ ಪಟ್ಟಿ ಚಾಚಿದೆ. ಅಕ್ಕ ತೆಗೆದುಕೊಳ್ಳಲಿಲ್ಲ. ಹತ್ತಿ ತುರುಕಿದಳು, ಗಾಳಿ ಊದಿದಳು, ಹಲ್ಲು ಬೆಳ್ಳಗಾಗುವವರೆಗೆ ಕಾದಳು. ಆಮೇಲೆ ಕೈ ನೀಡಿದಳು.

"ಅಕ್ಕಾ, ಹಲ್ಲು ಒಣಗಿದೆ..."

"ನಂಗೂ ಕಣ್ಣಿದೆ. ಕೊಡು."

ನಾಳೆ ಆ ತಾಯಿಯ ಕಣ್ಣಿಗೆ ಬೀಳಲೆಂದೇ ಅವಳು ತಪ್ಪು ಮಾಡುತ್ತಿದ್ದಳು. ಆದರೆ ಮೊದಲು ಅವನ ಕಣ್ಣಿಗೇ ಬಿದ್ದರೆ?

ಕೆಲಸ ಮುಗಿದಾಗ ಅವನೇ ಬಂದು ಹೆಂಡತಿಯ ಗಲ್ಲ ಹಿಡಿದು ಆಚೀಚೆ ತಿರುಗಿಸಿ ನೋಡಿದ. ಮಾರುಕಟ್ಟೆಯಲ್ಲಿ ಬದನೆಕಾಯಿ ನೋಡಿದ ಹಾಗೆ. "ಪರ್ಫೆಕ್ಟ್," ಎಂದ.

ಭಾನುವಾರ ಬೆಳಗ್ಗಿನಿಂದ ಅಕ್ಕ ಫೋನು ಕೆಳಗಿಡಲಿಲ್ಲ. ಪೊಲೀಸರಿಗೆ ಹೇಳೋಣವೆಂದರೆ, "ಅವಳೇ ಬಾಯಿ ಬಿಡದೆ ಯಾರು ನಂಬ್ತಾರೆ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅವ್ನು ಅವಳನ್ನ ಏನಾದ್ರೂ ಮಾಡಿಬಿಟ್ರೆ ಅದಕ್ಕೆ ನಾನೇ ಕಾರಣ ಕಣೇ," ಎಂದಳು. ಅಕ್ಕ ಹೆದರಿದ್ದನ್ನು ನಾನು ಅವತ್ತೇ ನೋಡಿದ್ದು.

ಮಧ್ಯಾಹ್ನ ಫೋನು ಬಂತು. ನಾನೂ ಅಕ್ಕನ ಪಕ್ಕ ಒತ್ತಿ ನಿಂತು ಕಿವಿಗೊಟ್ಟೆ. ವಯಸ್ಸಾದ ಹೆಂಗಸಿನ ದನಿ.

"ಡಾಕ್ಟ್ರಮ್ಮಾ, ಚೀಟೀಲಿ ನಿಮ್ ನಂಬರಿತ್ತು. ನನ್ ಮಗಳ ಹಲ್ಲು ಅರ್ಧ ಬೆಳ್ಳಗಿದೆ. ಕೇಳಿದ್ರೆ ಬರೀ ಅಳ್ತಾಳೆ. ಏನಾಗಿತ್ತಮ್ಮ?"

ಹಿಂದಿನಿಂದ ಅದೇ ಬೆಣ್ಣೆ ದನಿ ಹತ್ತಿರವಾಯಿತು. "ಅತ್ತೇ, ಫೋನ್ ಇಲ್ಲಿ ಕೊಡಿ, ನಾನ್ ಮಾತಾಡ್ತೀನಿ."

"ಕೊಡ್ಬೇಡಿ," ಎಂದಳು ಅಕ್ಕ. "ಅವ್ನು ಹೊಡೆದಿದ್ದಾನೆ ತಾಯಿ. ಇದು ಎರಡ್ನೇ ಸಲ. ಮಗಳ ಕೈ ಹಿಡ್ಕೊಂಡು ಈಗ್ಲೇ ಹೊರಗೆ ಬನ್ನಿ."

ಆ ಕಡೆ ಏನೋ ಉರುಳಿದ ಸದ್ದು. ಆಮೇಲೆ ಆ ಹುಡುಗಿಯ ದನಿ. ನಾವು ಅದನ್ನು ಕೇಳಿದ್ದು ಅದೇ ಮೊದಲು.

"ಅಮ್ಮಾ, ಬಾಗಿಲಿಗೆ ಬೀಗ ಹಾಕಿದ್ದಾನೆ."

ಅಕ್ಕ ಫೋನನ್ನು ಕಿವಿಯಿಂದ ತೆಗೆಯದೆಯೇ ಚಪ್ಪಲಿ ಮೆಟ್ಟಿದಳು. ನಾನು ನನ್ನ ಫೋನಿನಿಂದ ಪೊಲೀಸರಿಗೆ, ಅವರು ಕ್ಲಿನಿಕ್ಕಿನಲ್ಲಿ ಬರೆಸಿದ್ದ ಮನೆಯ ವಿಳಾಸ ಹೇಳತೊಡಗಿದೆ.