ವಾಪಸ್ ಬಸ್ಸಿಲ್ಲದ ಊರಿನ ಪ್ರಕಟಣೆ

ಬಸ್ ನಿಲ್ದಾಣಕ್ಕೆ ಬರುವವರೆಲ್ಲ ಅವಳ ದನಿಯನ್ನು ಬಲ್ಲವರೇ. ಮುಖ ಕಂಡವರು ಮಾತ್ರ ಬೆರಳೆಣಿಕೆಯಷ್ಟು. ಹತ್ತೊಂಬತ್ತು ವರ್ಷಗಳಿಂದ ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಹೇಳುವುದು ಅವಳ ಕೆಲಸ. ಡ್ರೈವರು, ಕಂಡಕ್ಟರುಗಳಿಗೆಲ್ಲ ಅವಳು ಮೈಕಕ್ಕ.

ಒಂದು ಸೋಮವಾರ ನಿಲ್ದಾಣದ ಕಂಟ್ರೋಲರ್ ಒಂದು ಹಾಳೆ ತಂದುಕೊಟ್ಟರು. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಹೊಸ ಕಾನೂನು ಬಂದಿತ್ತು. ಅದನ್ನು ಗಂಟೆಗೊಮ್ಮೆ ಜನರಿಗೆ ತಿಳಿಸಬೇಕಿತ್ತು. ಮೈಕಕ್ಕ ಓದಿದಳು. "ಸದರಿ ಅಧಿನಿಯಮದ ಉಪಬಂಧಗಳನ್ವಯ" ಎಂದು ಶುರುವಾದ ವಾಕ್ಯ ಆರು ಸಾಲು ದಾಟಿದ ಮೇಲೆ ಮುಗಿಯಿತು. ಅಷ್ಟರಲ್ಲಿ ಅವಳ ಉಸಿರೂ ಮುಗಿದಿತ್ತು.

ಚಹಾದ ಹೊತ್ತಿಗೆ ಕೆಳಗಿಳಿದವಳು, ಸ್ಪೀಕರಿನ ನೇರ ಕೆಳಗೆ ಹಣ್ಣು ಮಾರುತ್ತಿದ್ದ ಹೆಂಗಸನ್ನು ಕೇಳಿದಳು.

"ಈಗ ಮೈಕಲ್ಲಿ ಏನೋ ಹೇಳಿದ್ರಲ್ಲ, ಏನಂತೆ?"

"ಯಾವುದೋ ಬಸ್ಸು ಕೆಟ್ಟು ನಿಂತಿದೆ ಅಂತ ಕಾಣುತ್ತೆ ಕಣಮ್ಮ. ಪಾಪ, ಹೇಳೋಳಿಗೂ ಸುಸ್ತಾದ ಹಾಗಿತ್ತು."

ಮೈಕಕ್ಕ ಬಿದ್ದು ಬಿದ್ದು ನಕ್ಕಳು. ಮೆಟ್ಟಿಲು ಹತ್ತುವಾಗ ಮಾತ್ರ ತಮ್ಮ ನೆನಪಾದ. ಎರಡು ವರ್ಷ ಅವನು ಆ ಆಟದಲ್ಲೇ ಮುಳುಗಿ, ಮನೆಯವರ ಮುಖ ನೋಡುವುದನ್ನೇ ಬಿಟ್ಟಿದ್ದ. ಹೋದ ವರ್ಷವಷ್ಟೇ ಅದರಿಂದ ಹೊರಬಂದು, ಮೊದಲಿನ ಹಾಗೆ ಎಲ್ಲರ ಕಾಲೆಳೆಯತೊಡಗಿದ್ದ.

ಆ ಸಂಜೆ ಅಡುಗೆಮನೆಯಲ್ಲಿ ಅವಳು, ಅಮ್ಮ, ತಮ್ಮ ಮೂವರೂ ಹಾಳೆಯ ಸುತ್ತ ಕೂತರು.

"ನೀನು ದಿನಾ ಹೇಳೋ ಧಾಟೀಲೇ ಹೇಳೇ," ಅಂದಳು ತರಕಾರಿ ಹೆಚ್ಚುತ್ತಿದ್ದ ಅಮ್ಮ. "ಜನಕ್ಕೆ ಅದು ಕಿವಿಗೆ ಹತ್ತಿದೆ."

"ಅಕ್ಕ, ಆಡಿದವರನ್ನ ಹೆದರಿಸಬೇಡ," ಅಂದ ತಮ್ಮ. "ಹೆದರಿದ್ರೆ ಬಚ್ಚಿಟ್ಟುಕೊಂಡು ಆಡ್ತಾರೆ. ನಾನೂ ಹಾಗೇ ಮಾಡ್ತಿದ್ದೆ."

ಮರುದಿನ ಕಂಟ್ರೋಲರ್ ಅವಳು ಬರೆದು ತಂದ ಹೊಸ ಹಾಳೆ ನೋಡಿ ತಲೆ ಕೆರೆದುಕೊಂಡರು. "ನೋಡಮ್ಮ, ಮೇಲಿನವರು ಕಳಿಸಿದ್ದಕ್ಕೆ ಕೈ ಹಾಕಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

"ಮೊದಲು ಅವರದ್ದು ಓದ್ತೀನಿ ಸಾರ್, ಆಮೇಲೆ ನಮ್ಮದು."

"ಒಂದೇ ಸಲ, ನೋಡು ಮತ್ತೆ."

ಬೆಳಿಗ್ಗೆ ಹತ್ತು ಗಂಟೆಯ ಗಿಜಿಗಿಜಿಯಲ್ಲಿ, ಮೇಲಿನವರ ಹಾಳೆ ಓದಿ ಮುಗಿಸಿದ ಮೇಲೆ, ಅವಳ ದನಿ ಮತ್ತೆ ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟದ ಕಡೆಗೆ ಹೋಗುವ ಬಸ್ಸು ಇನ್ನು ಮುಂದೆ ಯಾವ ಪ್ಲಾಟ್‌ಫಾರಂನಿಂದಲೂ ಹೊರಡುವುದಿಲ್ಲ. ಅದನ್ನು ನಡೆಸುವುದೂ ಅದರ ಜಾಹೀರಾತು ಹಾಕುವುದೂ ಕಾನೂನಿಗೆ ವಿರುದ್ಧ. ಈಗಾಗಲೇ ಹತ್ತಿ ಕೂತವರು ಹೆದರಬೇಕಾಗಿಲ್ಲ, ಆಡಿದವರಿಗೆ ಶಿಕ್ಷೆಯಿಲ್ಲ. ದಯವಿಟ್ಟು ಇಳಿಯಿರಿ. ಆ ಊರಿನಿಂದ ವಾಪಸ್ ಬಸ್ಸಿಲ್ಲ. ಸಹಾಯವಾಣಿಯ ನಂಬರು ವಿಚಾರಣೆಯ ಕಿಟಕಿಯಲ್ಲಿ ಸಿಗುತ್ತದೆ."

ನಗು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹರಿಯಿತು. ಒಬ್ಬ ಅಜ್ಜ ಮಾತ್ರ ಕಿಟಕಿಗೆ ಹೋಗಿ, "ಆ ಬಸ್ಸು ಹೊರಡದಿದ್ರೆ ಬೇರೆ ಯಾವುದರಲ್ಲಿ ಹೋಗಬೇಕಪ್ಪ?" ಎಂದು ವಿಚಾರಿಸಿದರು. ನಂಬರಿನ ಚೀಟಿಗಳು ಮಧ್ಯಾಹ್ನಕ್ಕೇ ಮುಗಿದವು. ಹಳೆಯ ವೇಳಾಪಟ್ಟಿಗಳ ಹಿಂಬದಿಯಲ್ಲಿ ಕಂಟ್ರೋಲರೇ ಕೂತು ಮತ್ತಷ್ಟು ಬರೆದರು. ಒಂದೇ ಸಲ ಎಂದಿದ್ದನ್ನು ಅವರೂ ಮರೆತರು, ಅವಳೂ ನೆನಪಿಸಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ವರದಿಗಾರನೊಬ್ಬ ಆ ಪ್ರಕಟಣೆ ಕೇಳಿ ಪತ್ರಿಕೆಯಲ್ಲಿ ಬರೆದ. ಮೈಕಕ್ಕ ಆ ಸುದ್ದಿಯನ್ನು ಎರಡು ಸಲ ಓದಿ ಹಿಗ್ಗಿದಳು. ಮೂರನೇ ಸಲ ಕಣ್ಣು ಕೆಳಗೆ ಜಾರಿತು. ಅದೇ ಪುಟದಲ್ಲಿ, "ಇಂದೇ ಆಡಿ, ಇಂದೇ ಗೆಲ್ಲಿ" ಎಂಬ ದೊಡ್ಡ ಜಾಹೀರಾತು. ಅವಳು ತಡಮಾಡದೆ ಸಂಪಾದಕರಿಗೆ ಫೋನ್ ಮಾಡಿದಳು.

"ಸಾರ್, ನಾನು ಬಸ್ ಸ್ಟ್ಯಾಂಡಿನ ಮೈಕಿನವಳು. ಮೇಲೆ ನನ್ನ ಮಾತು ಹಾಕಿ, ಕೆಳಗೆ ನೀವೇ ಆ ಬಸ್ಸು ಬಿಟ್ಟಿದ್ದೀರಲ್ಲ."

ಆ ಕಡೆ ಪುಟ ಮಗುಚಿದ ಸದ್ದಾಯಿತು. "ಅದು ಬುದ್ಧಿ ಉಪಯೋಗಿಸಿ ಆಡೋ ಆಟ ಅಂದಿದ್ರಮ್ಮ."

"ಹಣ ಕಟ್ಟಬೇಕಾ?"

"ಹೂಂ."

"ಹಾಗಾದ್ರೆ ಅದೇ ಸಾರ್. ಬೋರ್ಡ್ ಬದಲಾಯಿಸಿದ್ದಾರೆ, ಅಷ್ಟೇ."

ಸಂಪಾದಕರು ನೇರ ಮನುಷ್ಯ. ಜಾಹೀರಾತು ನಿಲ್ಲಿಸಿದರು, ತಪ್ಪಾಯಿತೆಂದು ಅಚ್ಚು ಹಾಕಿದರು. "ನಮ್ಮವರಿಗೂ ಒಂದು ಸಲ ಬಂದು ಹೇಳಿ" ಎಂದು ಕರೆದರು.

ಪತ್ರಿಕಾ ಕಚೇರಿಯಲ್ಲಿ ಹದಿನೈದು ಜನ, ಅವರಲ್ಲಿ ಇಬ್ಬರು ರೇಡಿಯೋದವರು, ಪೆನ್ನು ಹಿಡಿದು ಕೂತಿದ್ದರು. ಅಷ್ಟು ಕಣ್ಣುಗಳನ್ನು ಕಂಡು ಮೈಕಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಯಾರಾದ್ರೂ ನೋಡ್ತಿದ್ರೆ ನನಗೆ ಮಾತೇ ಬರಲ್ಲ," ಎಂದವಳೇ ಫೈಲುಗಳ ಬೀರುವಿನ ಹಿಂದೆ ಹೋಗಿ ನಿಂತಳು. ಅಲ್ಲಿಂದ ದನಿ ಬಂತು, "ಪತ್ರಕರ್ತರ ಗಮನಕ್ಕೆ." ಕೋಣೆಗೆ ಕೋಣೆಯೇ ನಕ್ಕಿತು.

ಜಾಹೀರಾತು ಹೇಗೆ ಸುದ್ದಿಯ ವೇಷ ಹಾಕಿಕೊಂಡು ಬರುತ್ತದೆ, ಗೆದ್ದವನ ಫೋಟೋಕ್ಕಿಂತ ಆಟ ಬಿಟ್ಟವನ ಮಾತು ಯಾಕೆ ಮುಖ್ಯ, ಸಹಾಯವಾಣಿಯ ನಂಬರನ್ನು ಯಾಕೆ ದಿನಾ ಹಾಕಬೇಕು ಎಂದೆಲ್ಲ ಅವಳು ಹೇಳುತ್ತ ಹೋದಳು. ತಮ್ಮನ ವಿಷಯ ಬಂದಾಗ ತನಗೇ ಗೊತ್ತಿಲ್ಲದೆ ಬೀರುವಿನಿಂದ ಈಚೆ ಬಂದು, ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಯಾರೂ ಅದನ್ನು ಅವಳಿಗೆ ಹೇಳಲಿಲ್ಲ.

ಮುಂದಿನ ತಿಂಗಳು ಅವಳ ಪ್ರಕಟಣೆ ಬೇರೆ ನಿಲ್ದಾಣಗಳಿಗೂ ಹೋಯಿತು. ಬೇರೆ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿ ಬಂದ ಅಮ್ಮ ಚೀಲ ಕೆಳಗಿಡುವ ಮೊದಲೇ ವರದಿ ಒಪ್ಪಿಸಿದಳು.

"ಅಲ್ಲಿನ ಮೈಕಿನವಳೂ ಚೆನ್ನಾಗೇ ಹೇಳ್ತಾಳೆ ಕಣೇ. ಆದ್ರೆ 'ದಯವಿಟ್ಟು ಇಳಿಯಿರಿ' ಅಂದಾಗ ಇಬ್ಬರು ನಿಜವಾಗ್ಲೂ ಬಸ್ಸಿಂದ ಇಳಿದುಬಿಟ್ರು."

"ಯಾರಮ್ಮ ಅವರು?"

"ನಾನು, ನಿನ್ನ ಚಿಕ್ಕಮ್ಮ."