ಮಾಮಿಯ ಫೋಟೋ ಪಾಸಾದದ್ದು

ಎರಡು ವರ್ಷದ ಹಿಂದಿನ ಮಾತು. ಉಡುಪಿ ಹತ್ತಿರದ ನಮ್ಮ ಮಟ್ಟುವಿನಲ್ಲಿ ಗುಳ್ಳ ಬದನೆಯ ಸಸಿ ನೆಡುವ ಸಮಯ. ಪ್ರತಿವರ್ಷ ಆ ಹೊತ್ತಿಗೆ ಬೆಳಿಗ್ಗೆ ಆರಕ್ಕೇ ಗದ್ದೆಯಲ್ಲಿರುತ್ತಿದ್ದ ನನ್ನ ಮಾಮಿ, ಅಂದರೆ ನನ್ನ ಗಂಡನ ತಾಯಿ ಕಲ್ಯಾಣಿ, ಆ ವರ್ಷ ಅಂಗಳ ದಾಟಿ ಗದ್ದೆ ತಲುಪುವಷ್ಟರಲ್ಲಿ ಮೂರು ಸಲ ಕುಳಿತುಕೊಳ್ಳತೊಡಗಿದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದರು. ಕೇಳಿದರೆ, "ಗ್ಯಾಸ್ಟ್ರಿಕ್ ಮಾರಾಯ್ತಿ, ಎಂತದೂ ಇಲ್ಲ" ಎನ್ನುತ್ತಿದ್ದರು. ಕಡೆಗೆ ಕಾಲು ಊದಿ ಚಪ್ಪಲಿ ಹಿಡಿಯದಾದಾಗ ಬಲವಂತವಾಗಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಹೃದಯದ ಒಂದು ಕವಾಟ ಬಿಗಿದುಹೋಗಿದೆ, ಬದಲಾಯಿಸಲೇಬೇಕು, ಎರಡು ತಿಂಗಳಿಗಿಂತ ಹೆಚ್ಚು ತಡ ಮಾಡಬೇಡಿ ಎಂದರು ಡಾಕ್ಟರು.

ಮಾಮಿ ಆಡುವುದು ತುಳು. ಇಲ್ಲಿ ಅವರ ಮಾತನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕನ್ನಡ ಮಾಡಲಾಗದ ಬೈಗುಳಗಳನ್ನು ಬಿಟ್ಟಿದ್ದೇನೆ.

ನನ್ನ ಗಂಡ ಸತೀಶ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾರೆ. ನಾನು ಉಡುಪಿಯ ಬನ್ನಂಜೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತೇನೆ. ಮನೆಯಲ್ಲಿ ನಾಲ್ಕು ಚಕ್ರದ ಗಾಡಿ ಉಂಟೆಂದು ನಮ್ಮ ಬಿಪಿಎಲ್ ಕಾರ್ಡು ರದ್ದಾಗಿತ್ತು. ಆ ನಾಲ್ಕು ಚಕ್ರವೂ ಇನ್ನೂ ಬ್ಯಾಂಕಿನದ್ದೇ ಎಂದರೆ ಕೇಳುವವರು ಯಾರು? ಕಾರ್ಡು ಇಲ್ಲದವರಿಗೆ ಸರಕಾರದಿಂದ ಸಿಗುವುದು ಸ್ವಲ್ಪ. ಉಳಿದದ್ದು ನಮ್ಮ ಕೈಗೆ ಎಟಕುವಂಥದ್ದಾಗಿರಲಿಲ್ಲ.

ದುಡ್ಡಿಗಾಗಿ ಆಸ್ಪತ್ರೆ, ಆಫೀಸು ಎಂದು ಓಡಾಡುವಾಗ ಪರಿಚಯವಾದವಳು ಶಬಾನಾ. ಕಾರ್ಕಳದ ಹುಡುಗಿ, ಮೂವತ್ತರ ಆಸುಪಾಸು. ಹೊರದೇಶದ ಒಂದು ಸಂಸ್ಥೆಯ ಪರವಾಗಿ ಇಲ್ಲಿ ಕೆಲಸ ಮಾಡುತ್ತಿದ್ದಳು. ನಮ್ಮಂಥ ದೇಶಗಳ ರೋಗಿಗಳ ಫೋಟೋ ಮತ್ತು ಕತೆಯನ್ನು ಆ ಸಂಸ್ಥೆ ಇಂಟರ್ನೆಟ್ಟಿನಲ್ಲಿ ಹಾಕುತ್ತದೆ. ಎಲ್ಲೆಲ್ಲಿಯದೋ ಜನ ಅದನ್ನು ನೋಡಿ ಕೈಲಾದಷ್ಟು ಕೊಡುತ್ತಾರೆ. ಬೇಕಾದಷ್ಟು ಸೇರಿದ ಮೇಲೆ ಆಪರೇಷನ್. ಕೇಳಿ ನನಗೆ ಹೋದ ಜೀವ ಬಂದಂತಾಯಿತು.

"ನಾವು ಎಂತ ಮಾಡಬೇಕು?" ಎಂದೆ.

"ಒಂದು ಫಾರ್ಮ್, ಒಂದು ಫೋಟೋ. ಅಷ್ಟೇ ಅಕ್ಕ" ಎಂದಳು ಶಬಾನಾ.

ಅಷ್ಟೇ ಅಂತೆ!

ಆ ಶನಿವಾರ ಅವಳು ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದಳು. ಫಾರ್ಮ್ ಎಂದರೆ ಒಂದು ಪುಸ್ತಕದಷ್ಟಿತ್ತು. ಮನೆಗೆ ಎಷ್ಟು ಕೋಣೆ, ನೀರು ಎಲ್ಲಿಂದ, ಗಂಡ ಯಾವಾಗ ತೀರಿಕೊಂಡರು, ಹೇಗೆ ತೀರಿಕೊಂಡರು. ಮಾಮಿ ಎಲ್ಲದಕ್ಕೂ ಉತ್ತರ ಕೊಟ್ಟರು. ಕೊನೆಯ ಪ್ರಶ್ನೆಗೆ ಬಂದಾಗ ಕಷ್ಟವಾಯಿತು.

"ಆಪರೇಷನ್ ಆದ ಮೇಲೆ ನಿಮಗೆ ಎಂತ ಮಾಡಬೇಕು ಅಂತ ಆಸೆ ಉಂಟಮ್ಮಾ?"

"ವಾರಿಜಳ ಹತ್ರ ಜಗಳ ಮಾಡ್ಲಿಕ್ಕುಂಟು" ಎಂದರು ಮಾಮಿ.

ವಾರಿಜಕ್ಕ ನಮ್ಮ ನೆರೆಮನೆಯವರು. ಎರಡು ಗದ್ದೆಗಳ ನಡುವೆ ಹರಿಯುವ ತೋಡಿಗೆ ಅವರು ಕಲ್ಲು ಅಡ್ಡ ಇಟ್ಟು ನೀರು ತಿರುಗಿಸುತ್ತಾರೆ ಎನ್ನುವುದು ಮಾಮಿಯ ಹಳೆಯ ದೂರು. "ಈಗ ಎರಡು ಮಾತು ಹೇಳುವಾಗಲೇ ದಮ್ಮು ಹತ್ತುತ್ತದೆ. ಅವಳು ಹತ್ತು ಹೇಳಿ ಒಳಗೆ ಹೋಗ್ತಾಳೆ. ಸೋತ ಹಾಗೆ ಆಗ್ತದೆ."

ಶಬಾನಾ ಪೆನ್ನು ಕೆಳಗಿಟ್ಟಳು. "ಅದನ್ನು ಬರೀಲಿಕ್ಕೆ ಆಗುದಿಲ್ಲಮ್ಮಾ. ಮೊಮ್ಮಕ್ಕಳ ಜೊತೆ ಆಡಬೇಕು ಅಂತ ಬರೆಯುವಾ?"

"ಮೊಮ್ಮಕ್ಕಳಾ? ಅವು ಮೊಬೈಲಿಂದ ತಲೆ ಎತ್ತಿದರೆ ಅಲ್ವಾ ಆಡುದು!"

ಫೋಟೋಕ್ಕೆ ಹದಿನೈದು ನಿಮಿಷ ಕಾಯಿರಿ ಎಂದು ಮಾಮಿ ಒಳಗೆ ಹೋದರು. ಹೊರಗೆ ಬಂದಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮದುವೆಗಳಿಗೆ ಮಾತ್ರ ಉಡುವ ಹಸಿರು ರೇಷ್ಮೆಯ ಪಟ್ಟೆ ಸೀರೆ, ಕುತ್ತಿಗೆಗೆ ನನ್ನ ರೋಲ್ಡ್ ಗೋಲ್ಡ್ ಸರ, ತಲೆಗೆ ಹೂವು.

"ಮಾಮೀ, ಇದು ಸಹಾಯ ಕೇಳುವ ಫೋಟೋ" ಎಂದೆ.

"ಗೊತ್ತುಂಟು. ಫಾರಿನ್ನಿನವರು ನೋಡುವಾಗ ನಾವು ಹೇಗೆಹೇಗೋ ಇರ್ಲಿಕ್ಕೆ ಆಗ್ತದಾ? ಯಾರ ಮನೆಯವರು ಅಂತ ಕೇಳಿದರೆ?"

ಶಬಾನಾ ನಿಟ್ಟುಸಿರು ಬಿಟ್ಟು ಫೋಟೋ ತೆಗೆದಳು. ಒಂದು ವಾರದ ನಂತರ ಫೋನ್ ಬಂತು. ಫೋಟೋ ಪಾಸಾಗಿಲ್ಲ. ಚಿನ್ನ ಹಾಕಿಕೊಂಡವರಿಗೆ ಸಹಾಯ ಯಾಕೆ ಎಂದು ದಾನಿಗಳು ಕೇಳಬಹುದು ಎಂದು ಅಲ್ಲಿನ ಆಫೀಸಿನವರು ಹೇಳಿದ್ದರಂತೆ. ಅದು ಚಿನ್ನವಲ್ಲ, ಉಡುಪಿಯ ಫ್ಯಾನ್ಸಿ ಅಂಗಡಿಯದ್ದು ಎಂದು ಅಷ್ಟು ದೂರಕ್ಕೆ ಯಾರು ಹೋಗಿ ಹೇಳುವುದು?

ಎರಡನೇ ಸಲ ಹಳೆಯ ನೂಲಿನ ಸೀರೆ ಉಡಿಸಿ, ಸರ ಬಿಚ್ಚಿಸಿ, ಹಿತ್ತಲಿನ ಬಚ್ಚಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದಾಯಿತು. ಆ ಕೋಪಕ್ಕೆ ಮಾಮಿ ಕ್ಯಾಮೆರಾವನ್ನು ವಾರಿಜಕ್ಕನನ್ನು ನೋಡುವ ಹಾಗೆ ನೋಡಿದರು. ಅದೂ ಪಾಸಾಗಲಿಲ್ಲ. ರೋಗಿಯ ಮುಖದಲ್ಲಿ ಭರವಸೆ ಕಾಣುವುದಿಲ್ಲವಂತೆ, ಸ್ವಲ್ಪ ನಗಬೇಕಂತೆ. ಮೂರನೇ ಸಲ ನಗಲು ಹೇಳಿದೆವು. ಎದುರಿನ ಎರಡು ಹಲ್ಲು ಇಲ್ಲದ ಮಾಮಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮುಖ ಪೂರ್ತಿ ಕಾಣುವುದಿಲ್ಲವೆಂದು ಅದೂ ವಾಪಸ್ಸು ಬಂತು.

ಪ್ರತಿ ಸಲವೂ ನಾನು ಅರ್ಧ ದಿನ ರಜೆ ಹಾಕಬೇಕಿತ್ತು. ನಮ್ಮ ಅಂಗಡಿಯ ಧಣಿಗಳು ಒಳ್ಳೆಯವರೇ. ಆದರೂ ಒಂದು ದಿನ ಕೇಳಿಯೇಬಿಟ್ಟರು: "ಅಲ್ಲ ಸುಜಾತಾ, ನಿಮ್ಮ ಮಾಮಿ ಸಿನೆಮಾದಲ್ಲಿ ಮಾಡ್ತಾರಾ ಹೇಗೆ? ವಾರಕ್ಕೊಮ್ಮೆ ಫೋಟೋ ಅಂತೀರಿ!"

ಇದರ ನಡುವೆ ಶಬಾನಾ ಬರೆದ ಕತೆಯನ್ನು ಒಪ್ಪಿಗೆಗಾಗಿ ಮಾಮಿಗೆ ಓದಿ ಹೇಳಬೇಕಿತ್ತು. ಅವಳು ಜಗಲಿಯಲ್ಲಿ ಕೂತು ಇಂಗ್ಲಿಷಿನದ್ದನ್ನು ತುಳುವಿನಲ್ಲಿ ಹೇಳುತ್ತ ಹೋದಳು. ಸಮುದ್ರದ ಹತ್ತಿರದ ಒಂದು ಪುಟ್ಟ ಮನೆಯಲ್ಲಿ ಒಬ್ಬ ವಿಧವೆ ಇದ್ದಾಳೆ. ಬದುಕಿನುದ್ದಕ್ಕೂ ಕಷ್ಟವನ್ನೇ ಕಂಡವಳು. ಪ್ರತಿ ಉಸಿರೂ ಅವಳಿಗೆ ಒಂದು ಹೋರಾಟ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಕೆಂಬುದೊಂದೇ ಅವಳ ಕನಸು.

ಮಾಮಿ ಬಾಯಲ್ಲಿ ಲೊಚಗುಟ್ಟುತ್ತ ಕೇಳಿದರು. ಮುಗಿದ ಮೇಲೆ, "ಪಾಪ! ಯಾರು ಮಗಾ ಈ ಹೆಂಗಸು? ಅವಳಿಗೆ ಮೊದಲು ಮಾಡಿಸಿಕೊಡಿ. ನನ್ನದು ಆಮೇಲೆ ನೋಡುವ" ಎಂದರು.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅದು ನೀವೇ ಎಂದು ನಾನು ಹೇಳಿದಾಗ ಮಾಮಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ದಿನ ಒಪ್ಪಿಗೆಯ ಹೆಬ್ಬೆಟ್ಟು ಬೀಳಲಿಲ್ಲ.

ಹೀಗೆ ಒಂದು ತಿಂಗಳು ದಾಟಿತು. ಒಂದು ಮಂಗಳವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಾಗ ಫೋನ್ ಬಂತು. ಮಾಡಿದ್ದು ವಾರಿಜಕ್ಕ. "ನಿನ್ನ ಮಾಮಿ ತೋಡಿನ ಹತ್ರ ಬಿದ್ದಿದ್ದಾಳೆ. ತುಟಿ ನೀಲಿ ಆಗಿದೆ. ರಿಕ್ಷಾ ತರಿಸಿದ್ದೇನೆ, ನೀನು ಸೀದಾ ಮಣಿಪಾಲಕ್ಕೆ ಬಾ" ಎಂದರು. ನಾನು ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಇಪ್ಪತ್ತು ನಿಮಿಷದ ಆ ದಾರಿ ಮುಗಿಯುವುದೇ ಇಲ್ಲವೇನೋ ಅನಿಸಿತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿ ಸಂಜೆಯ ಹೊತ್ತಿಗೆ ಒಂದು ಹದಕ್ಕೆ ತಂದರು. ಆಪರೇಷನ್ ಬೇಗ ಆಗದಿದ್ದರೆ ಮುಂದಿನ ಸಲ ಇಷ್ಟು ಸುಲಭವಾಗಿ ದಾಟುವುದಿಲ್ಲ ಎಂದರು ಡಾಕ್ಟರು.

ನಾನು ವಾರ್ಡಿನಿಂದ ಹೊರಗೆ ಬಂದು ಶಬಾನಾಳಿಗೆ ಫೋನ್ ಮಾಡಿದೆ. ಜೀವನದಲ್ಲಿ ಯಾರಿಗೂ ಹಾಗೆ ಮಾತಾಡಿದವಳಲ್ಲ ನಾನು. "ನಿಮಗೆ ನಗುವವರೂ ಆಗುದಿಲ್ಲ, ಕೋಪ ಬಂದವರೂ ಆಗುದಿಲ್ಲ, ಪಟ್ಟೆ ಸೀರೆ ಉಟ್ಟವರೂ ಆಗುದಿಲ್ಲ. ಇನ್ನು ಹಾರ ಹಾಕಿದ ಫೋಟೋವನ್ನೇ ಕಳಿಸ್ತೇನೆ, ಅದಾದರೂ ಪಾಸಾಗ್ತದಾ ನೋಡುವ!" ಎಂದು ಕಿರುಚಿದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಫೋನ್ ಇಟ್ಟ ಮೇಲೆ, ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿದೆನಲ್ಲ ಎಂದು ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಶಬಾನಾ ವಾರ್ಡಿಗೆ ಬಂದಳು. ಕೈಯಲ್ಲಿ ಫಾರ್ಮ್ ಇರಲಿಲ್ಲ. ಮಾಮಿಯ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತಡೆದಳು.

"ಬೇಡ ಅಕ್ಕ. ನನ್ನ ತಮ್ಮನಿಗೂ ಹೃದಯದಲ್ಲಿ ತೂತು ಇತ್ತು. ನಾನು ಹೈಸ್ಕೂಲಿನಲ್ಲಿದ್ದೆ. ಹೀಗೆಯೇ ಯಾರೋ ದೂರದವರು ಕೊಟ್ಟ ದುಡ್ಡಿನಲ್ಲಿ ಆಪರೇಷನ್ ಆಯ್ತು. ಆಗಲೂ ಫೋಟೋಕ್ಕೆ ಬಂದಿದ್ದರು. ಅವನು ಉಳೀತಾನೆ ಅಂತ ನಮ್ಮ ಉಮ್ಮನಿಗೆ ಆ ದಿನ ಖುಷಿಯೋ ಖುಷಿ. ನಗ್ತಾ ಇದ್ದರು. ಬಂದವರು, ಒಮ್ಮೆ ಅಳಿ ಅಂದರು. ಉಮ್ಮ ತುಂಬಾ ಕಷ್ಟಪಟ್ಟು ಅತ್ತರು." ಮಾಮಿಯ ಹೊದಿಕೆ ಸರಿಮಾಡುತ್ತ ಹೇಳಿದಳು, "ಆಗ ಅಳಬೇಕಿತ್ತು. ಈಗ ನಗಬೇಕು. ನಾನೂ ಅದನ್ನೇ ಹೇಳ್ತಾ ತಿರುಗ್ತೇನೆ."

ಮಾಮಿ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿದರು. "ನಿನ್ನ ತಮ್ಮ ಈಗ ಹೇಗಿದ್ದಾನೆ?"

"ದಪ್ಪ ಆಗಿದ್ದಾನಮ್ಮಾ. ದುಬೈಯಲ್ಲಿ ಎಸಿ ರಿಪೇರಿ ಮಾಡ್ತಾನೆ."

"ಹಾಗಾದ್ರೆ ಸರಿ" ಎಂದರು ಮಾಮಿ. "ಬರಕೋ. ನಾನು ಹೇಳ್ತೇನೆ."

ಮಾಸ್ಕ್ ಸರಿಸಿ ಒಂದು ವಾಕ್ಯ, ಮತ್ತೆ ಹಾಕಿಕೊಂಡು ನಾಲ್ಕು ಉಸಿರು, ಹೀಗೆ ಹೇಳಿ ಮುಗಿಸಿದರು. ಶಬಾನಾ ಮೊಬೈಲಿನಲ್ಲಿ ಹಾಗೆಯೇ ಬರೆದುಕೊಂಡಳು. "ನನ್ನ ಹೆಸರು ಕಲ್ಯಾಣಿ. ಮೂವತ್ತು ವರ್ಷ ಗುಳ್ಳ ಬೆಳೆಸಿದ್ದೇನೆ. ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದ್ದೇನೆ. ಯಾರ ಹತ್ರವೂ ಕೈ ಚಾಚಿದವಳಲ್ಲ, ಈಗ ಚಾಚ್ತಾ ಇದ್ದೇನೆ. ಹೃದಯದ ಬಾಗಿಲು ಜಾಮ್ ಆಗಿದೆ. ಸರಿ ಮಾಡಿಸಿಕೊಟ್ಟರೆ ಉಪಕಾರ. ನೆರೆಮನೆಯವಳ ಹತ್ರ ತೋಡಿನ ಜಗಳ ಬಾಕಿ ಉಂಟು. ಅದಕ್ಕೆ ದಮ್ಮು ಬೇಕು."

"ಫೋಟೋ?" ಎಂದೆ ನಾನು.

"ಮೊದಲಿನದ್ದು ಉಂಟಲ್ಲ ಅಕ್ಕ, ಪಟ್ಟೆ ಸೀರೆಯದ್ದು" ಎಂದಳು.

ಕಾರಿಡಾರಿಗೆ ಹೋಗಿ ಅವಳು ಆಫೀಸಿನವರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಬಾಗಿಲ ಬಳಿ ನಿಂತ ನನಗೆ ಕೇಳಿಸುತ್ತಿತ್ತು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಜಗಳ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ. ಇದು ಆಗದಿದ್ದರೆ ನನ್ನ ಕೆಲಸವೂ ಬೇಡ ಎನ್ನುವಲ್ಲಿಗೆ ಹೋಗಿ ನಿಂತಳು ಹುಡುಗಿ. ಮಾರನೆಯ ದಿನ ಫೋಟೋ ಪಾಸಾಯಿತು.

ಪಟ್ಟೆ ಸೀರೆ, ಸರ, ಹೂವು ಸಮೇತ ಮಾಮಿ ಇಂಟರ್ನೆಟ್ಟಿಗೆ ಹೋದರು. ಯಾರಾದರೂ ಕೊಡುತ್ತಾರೆ ಎಂದು ನನಗೆ ನಂಬಿಕೆಯೇ ಇರಲಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಮೊಬೈಲ್ ತೆರೆದು ತೆರೆದು ನೋಡುತ್ತಿದ್ದೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಶುರುವಾಯಿತು. ಒಬ್ಬರು ಸ್ವಲ್ಪ, ಇನ್ನೊಬ್ಬರು ಇನ್ನೂ ಸ್ವಲ್ಪ. ವಾರ ಕಳೆಯುವುದರೊಳಗೆ ಸೇರಬೇಕಾದದ್ದು ಸೇರಿತು. ಕೆಲವರು ಒಂದೊಂದು ಸಾಲನ್ನೂ ಬರೆದಿದ್ದರು. ಒಬ್ಬಾಕೆ ಬರೆದದ್ದನ್ನು ಶಬಾನಾ ಓದಿ ಹೇಳಿದಳು: "ನನಗೂ ಒಬ್ಬಳು ನೆರೆಯವಳಿದ್ದಾಳೆ. ದಯವಿಟ್ಟು ನೀವು ಗೆಲ್ಲಿ."

ಆಪರೇಷನ್ ಆಯಿತು. ಐದು ಗಂಟೆ ಸತೀಶರೂ ನಾನೂ ಹೊರಗೆ ಕೂತಿದ್ದೆವು. ಡಾಕ್ಟರು ಬಂದು ಎಲ್ಲ ಸರಿಯಾಗಿದೆ ಎಂದಾಗ ಸತೀಶರು ಚಾ ಕುಡಿದು ಬರುತ್ತೇನೆಂದು ಹೋದರು, ಅರ್ಧ ಗಂಟೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು.

ಮೂರು ತಿಂಗಳ ನಂತರ ಶಬಾನಾ ಮತ್ತೆ ಮನೆಗೆ ಬಂದಳು. ಈ ಸಲ ಬೇರೆ ಫಾರ್ಮ್. ಆಪರೇಷನ್ ಆದ ಮೇಲೆ ಬದುಕು ಹೇಗೆ ಬದಲಾಯಿತು ಎಂದು ಬರೆದು ಕಳಿಸಬೇಕಂತೆ. "ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗಬೇಕು, ಅದು ದೊಡ್ಡ ರಗಳೆ, ಅಂತ ಬರಿ" ಎಂದರು ಮಾಮಿ. ಆಮೇಲೆ, ಕೊಟ್ಟವರ ಹೆಸರು ಓದು ಎಂದರು. ಶಬಾನಾ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ನಾಲಿಗೆ ಹೊರಳದ ಹೆಸರುಗಳು. ತಡವರಿಸುತ್ತ ಒಂದೊಂದಾಗಿ ಓದಿದೆ. ಮಾಮಿ ಪ್ರತಿ ಹೆಸರಿಗೂ ತಲೆ ಆಡಿಸುತ್ತಿದ್ದರು.

"ಇವರ ಫೋಟೋ ಇಲ್ವಾ?" ಎಂದು ಕೇಳಿದರು.

"ಇಲ್ಲಮ್ಮಾ, ಅದನ್ನೆಲ್ಲ ಅವರು ಹಾಕುದಿಲ್ಲ."

ನಾನು ಮುಂದೆ ಓದಿದೆ. ಪಟ್ಟಿಯಲ್ಲಿ ಏಳೆಂಟು ಕಡೆ ಹೆಸರಿನ ಬದಲು ಬರೇ ಒಂದು ಶಬ್ದ ಇತ್ತು. ಅದೇನೆಂದು ಮಾಮಿ ಕೇಳಿದರು. ಹೆಸರು ಹೇಳಲು ಇಷ್ಟವಿಲ್ಲದವರು, ಹೇಳದೆಯೇ ಕೊಟ್ಟವರು ಎಂದು ಶಬಾನಾ ವಿವರಿಸಿದಳು.

ಮಾಮಿ ಪಟ್ಟಿಯ ಕಡೆ ಬಗ್ಗಿ ನೋಡಿದರು. "ಹೆಸರು ಹೇಳದೆ ಕೊಡ್ಲಿಕ್ಕೆ ಆಗ್ತದೆ. ತಗೊಳ್ಲಿಕ್ಕೆ ಮಾತ್ರ ಆಗುದಿಲ್ಲ, ಅಲ್ವಾ ಮಗಾ?"

ಶಬಾನಾ ತಲೆ ತಗ್ಗಿಸಿದಳು. ಮಾಮಿಯ ಮಾತಿನಲ್ಲಿ ಕೋಪ ಇರಲಿಲ್ಲ. ಗುಳ್ಳದ ರೇಟು ಕೇಳಿದ ಹಾಗೆ ಕೇಳಿದ್ದರು. "ಆಯ್ತು, ಓದು" ಎಂದರು. ಆ ಹೆಸರಿಲ್ಲದವರನ್ನೂ ಬಿಡದೆ ನಾನು ಕೊನೆಯವರೆಗೆ ಓದಿದೆ.

ಆ ದಿನ ಕಾರಿಡಾರಿನಲ್ಲಿ ಕಿರುಚಿದ್ದಕ್ಕೆ ನನಗೆ ಈಗ ಪಶ್ಚಾತ್ತಾಪ ಇಲ್ಲ. ಆ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆದರೆ ಬೆಳಿಗ್ಗೆ ಮಾಮಿ ಗದ್ದೆಯ ಅಂಚಿನಲ್ಲಿ ನಿಂತು ನನ್ನ ಹೆಸರು ಹಿಡಿದು ಜೋರಾಗಿ ಕರೆಯುವಾಗ, ಮುಖ ನೋಡದ ಆ ಜನರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಸಿಟ್ಟೂ ಋಣವೂ ಒಂದೇ ಎದೆಯಲ್ಲಿ ಇರಬಹುದು ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.