ಅಮಾವಾಸ್ಯೆಯ ದಿನ ನಡೆದ ಮಗ್ಗ

ಜೈಲಿನಿಂದ ಬಿಡುಗಡೆಯಾಗಿ ಬಂದವರಿಗೆ ಕೆಲಸ, ನೆಲೆ ಹುಡುಕಿಕೊಡಲು ರೋಣ, ನರಗುಂದ, ಗಜೇಂದ್ರಗಡದ ಕೆಲವರು ಸೇರಿ ಐವತ್ತರ ದಶಕದಲ್ಲಿ ಒಂದು ಮಂಡಳಿ ಕಟ್ಟಿಕೊಂಡಿದ್ದೆವು. ಗಜೇಂದ್ರಗಡದ ಹೊಣೆ ನನ್ನದಾಯಿತು. ನನ್ನ ಧೈರ್ಯ ನೋಡಿ ಕೊಟ್ಟದ್ದಲ್ಲ. ಅಂಗಡಿಗೆ ಕೀಲಿ ಹಾಕಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋಗಿ ನೋಡಿಕೊಂಡು ನಾನು ರೋಣದ ಸಭೆ ಮುಟ್ಟುವಷ್ಟರಲ್ಲಿ ಆಯ್ಕೆ ಮುಗಿದಿತ್ತು.

ನನ್ನ ಪಾಲಿಗೆ ಮೊದಲು ಬಂದವನು ಮೆಣಸಗಿ ಕಡೆಯ ರೈತ. ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ಮೇಲೆ ಕೊಡಲಿ ಎತ್ತಿ ಹಲವು ವರ್ಷ ಒಳಗಿದ್ದವನು. ಊರಿಗೆ ಮರಳುವಂತಿರಲಿಲ್ಲ. ಜೈಲಿನಲ್ಲಿ ನೇಯುವುದನ್ನು ಕಲಿತಿದ್ದ. ನೇಕಾರರ ಓಣಿಯ ಒಬ್ಬ ಅಜ್ಜಿ, ಗಂಡ ತೀರಿಕೊಂಡ ಮೇಲೆ ಪಡಸಾಲೆಯಲ್ಲಿ ಸುಮ್ಮನೆ ನಿಂತಿದ್ದ ಮಗ್ಗವನ್ನು ಅವನಿಗೆ ಬಿಟ್ಟುಕೊಟ್ಟಳು. ಓಣಿಯವರು ಒಂದು ಷರತ್ತು ಹಾಕಿದರು.

“ಒಂದ ತಕರಾರು ಬಂದ್ರೂ ಮರುದಿನ ಬಸ್ಸ ಹತ್ತಸಬೇಕ್ರಿ.”

ಆಯಿತು ಎಂದೆ. ಅಂದಿನಿಂದ ನನಗೆ ನಿದ್ದೆ ಕಡಿಮೆಯಾಯಿತು. ಏನಾದರೊಂದು ನೆಪ ಮಾಡಿಕೊಂಡು ದಿನವೂ ಆ ಓಣಿಯಲ್ಲಿ ಹಾಯುತ್ತಿದ್ದೆ. ಎಲ್ಲ ಮನೆಗಳ ಮಗ್ಗಗಳೂ ಒಟ್ಟಿಗೆ ಬಡಿಯುವಾಗ ಅವನದು ಯಾವುದೆಂದು ತಿಳಿಯದೆ, ಓಡಿಯೇ ಹೋಗಿರಬೇಕು ಎಂದುಕೊಂಡು ಕಿಟಕಿಯಲ್ಲಿ ಇಣುಕುತ್ತಿದ್ದೆ. ಅವನು ಅಲ್ಲೇ ಇರುತ್ತಿದ್ದ.

ಒಂದು ಮುಂಜಾನೆ ಅವನ ಮಗ್ಗದ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಖುಷಿಯಾಯಿತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೆನಪಾಯಿತು. ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ನೇಕಾರರು ಲಾಳಿ ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಸುಮ್ಮನೆ ಕೂಡುತ್ತಾರೆ. ನೆಲೆ, ಕೆಲಸ, ಹೊದೆಯಲು ಕಂಬಳಿ, ಎಲ್ಲವನ್ನೂ ಯೋಚಿಸಿದ್ದ ನಮ್ಮ ಮಂಡಳಿಗೆ ಇದೊಂದನ್ನು ಅವನಿಗೆ ಹೇಳಬೇಕೆಂದು ಹೊಳೆದಿರಲಿಲ್ಲ.

ಜನ ಕಟ್ಟೆಯ ಮೇಲೆ ಬಂದು ನಿಂತಿದ್ದರು. ಎದುರು ಮನೆಯ ಹಿರಿಯ ನೇಕಾರ ನನ್ನನ್ನು ನೋಡಿ, “ಬರ್ರಿ ಸಾವಕಾರ್ರ. ನಿಮ್ಮ ಮನಿಶ್ಯಾ ಭಾಳ ದುಡಿಯಾಕತ್ತಾನ. ಅಮಾಸಿನೂ ಬಿಡವಲ್ಲ,” ಎಂದ.

“ಗೊತ್ತಿಲ್ಲದ ಆಗೇತ್ರಿ,” ಎಂದೆ.

“ರೈತರ ಮನ್ಯಾಗ ಹುಟ್ಟಿದಾಂವಗ ಅಮಾಸಿ ಗೊತ್ತಿಲ್ಲೇನ್ರಿ? ಅವತ್ತ ಯಾರರ ಎತ್ತ ಹೂಡತಾರೇನು?”

ಒಳಗೆ ಮಗ್ಗ ನಿಂತಿತು. ಅವನು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಿಂದ ಎದ್ದು ಬಾಗಿಲಿಗೆ ಬಂದ.

“ಜೇಲಿನೊಳಗ ಅಮಾಸಿ, ಹುಣ್ಣಿವಿ ಇರತಿರಲಿಲ್ರಿ. ಗಂಟಿ ಹೊಡದ್ರ ಕೂಡೂದು, ಗಂಟಿ ಹೊಡದ್ರ ಏಳೂದು. ಮರತ ಹೋಗಿತ್ರಿ.”

ಇಷ್ಟು ಹೇಳಿ, ಯಾರೂ ಹೋಗು ಎನ್ನುವ ಮೊದಲೇ ಮೂಲೆಯಲ್ಲಿದ್ದ ಕಂಬಳಿ ಮಡಚತೊಡಗಿದ. ಮಂಡಳಿಗೆ ಏನು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಭಾಷಣ ಕಟ್ಟತೊಡಗಿದೆ.

ಅಷ್ಟರಲ್ಲಿ ಅಜ್ಜಿ ಬಾವಿಯಿಂದ ಕೊಡ ಹೊತ್ತು ಬಂದಳು. ನಡೆದದ್ದನ್ನು ಎದುರು ಮನೆಯವನ ಬಾಯಿಂದ ಪೂರ್ತಿ ಕೇಳಿ, ಕೊಡ ಇಳಿಸಿದಳು.

“ಕಂಬಳಿ ಅಲ್ಲೇ ಇಡೋ ತಮ್ಮಾ. ಜಳಕಾ ಮಾಡಿ ಬಾ. ಮಗ್ಗದ ಪೂಜಿ ನೀನ ಮಾಡು.”

“ಚಿಗವ್ವ, ಪೂಜಿ ಮನಿಯವರು ಮಾಡೂದು,” ಎಂದ ಎದುರಿನವನು.

“ನೇಯಾಂವ ಮಾಡೂದು. ನಿಮ್ಮ ಕಾಕಾ ಹೋದಾಗಿಂದ ಈ ಮಗ್ಗ ಮತ್ಯಾರು ನೇದಾರ? ನೀ ಬಂದು ನೇಯತೀಯೇನು?”

ಯಾರೋ ಹೆಂಗಸರು ನಕ್ಕರು. ಅವನು ಜಳಕ ಮಾಡಿ ಬಂದು ಮಗ್ಗಕ್ಕೆ ವಿಭೂತಿ ಹಚ್ಚಿದ, ಊದಿನಕಡ್ಡಿ ಬೆಳಗಿದ. ಕಾಯಿ ಒಂದೇ ಏಟಿಗೆ ಒಡೆಯಲಿಲ್ಲ. ಅಜ್ಜಿ ಕೊಬ್ಬರಿಯ ತಟ್ಟೆಯನ್ನು ಅವನ ಕೈಗೇ ಕೊಟ್ಟು ಎದುರು ಮನೆಗೆ ಮೊದಲು ಕಳಿಸಿದಳು. ಓಣಿಗೆ ಓಣಿಯೇ ನೋಡುತ್ತಿತ್ತು. ಹಿರಿಯ ಒಂದು ಚೂರು ತೆಗೆದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಅಗಿಯುತ್ತಲೇ ಹೇಳಿದ, “ಮುಂದಿನ ಅಮಾಸಿ ಯಾವಾಗ ಅಂತ ನನ್ನ ಕೇಳು.”

ಬಸ್ಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮುಂದಿನ ಸಭೆಯಲ್ಲಿ ನಾನು ಇದನ್ನೆಲ್ಲ ಎಷ್ಟು ಲಂಬಿಸಿ ಹೇಳಿದೆನೆಂದರೆ, ನರಗುಂದದ ಸದಸ್ಯರು ನಡುವೆಯೇ ಕೇಳಿದರು, “ಎಲ್ಲಾ ಖರೇರಿ, ಇದ್ರಾಗ ನೀವೇನು ಮಾಡಿದ್ರಿ?”

“ಅಲ್ಲೇ ನಿಂತಿದ್ನಿರಿ,” ಎಂದೆ, ಎದೆ ಉಬ್ಬಿಸಿಕೊಂಡೇ. ಅಷ್ಟೊತ್ತಿಗೆ ಅದು ನನಗೂ ನಮ್ಮ ಓಣಿಯಾಗಿತ್ತು.